ಮಿಕ್ಸರಿಗೊಂದು ಟಿಕಳಿ

ಗದಗ-ಬೆಟಗೇರಿಯಲ್ಲಿ ಇಷ್ಟೊಂದು ಜನ ಇದ್ದಾರಲ್ಲ, ಅವರಲ್ಲಿ ಹಳೆಯ ಮೊಬೈಲ್ ಫೋನಿಗೆ ಉಡಿ ತುಂಬಿ ಕಳಿಸಿದ ಹೆಂಗಸು ನನ್ನ ನೆಗೆಣ್ಣಿ ಒಬ್ಬಳೇ! ಬೇಕಾದರೆ ಬೆಟ್ ಕಟ್ಟುತ್ತೇನೆ.

ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಹಿರೇವಡ್ಡಟ್ಟಿಯವಳು, ಏಳನೆಯ ಇಯತ್ತೆಯವರೆಗೆ ಓದಿದವಳು. ನಾನೋ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಕಲಿತವಳು. ಫೋರ್ಕ್ ಯಾವ ಕೈಯಲ್ಲಿ ಹಿಡಿಯಬೇಕೆಂದು ಇವತ್ತಿಗೂ ನೆನಪಿದೆ. ಹಿಡಿಯುವ ಪ್ರಸಂಗ ಮಾತ್ರ ಈ ಜೋಳದ ರೊಟ್ಟಿಯ ಊರಿನಲ್ಲಿ ಬರಲೇ ಇಲ್ಲ. ಆದರೆ ಫೋನು, ಮಷೀನು, ಆ್ಯಪು ಎಂದರೆ ಮನೆಗೆಲ್ಲ ಎಕ್ಸ್‌ಪರ್ಟ್ ಅವಳು. ನಾನು ಅವಳ ದಡ್ಡ ಸ್ಟೂಡೆಂಟ್.

ಆ ಉಡಿಯ ಕಥೆ ಮೊದಲು ಕೇಳಿ. ಹಳೆಯ ಫೋನು ಕೊಟ್ಟು ಹೊಸದು ತರಲು ಇಬ್ಬರೂ ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಗೆ ಹೋದೆವು. ಇವಳು ಚೀಲದಿಂದ ಒಂದು ಕುಬಸದ ಖಣ ತೆಗೆದು ಕೌಂಟರಿನ ಮೇಲೆ ಬಿಚ್ಚಿದಳು. ಒಳಗೆ ಗಂಡನ ಮನೆಗೆ ಹೊರಟ ಮಗಳ ಮಡಿಲಿಗೆ ತುಂಬುವ ಹಾಗೆ ಅಕ್ಕಿ, ಅಡಿಕೆ, ಅರಿಶಿನದ ಕೊಂಬು, ಕೊಬ್ಬರಿ ಬಟ್ಟಲು. ನಡುವೆ ಫೋನು!

"ಏನ್ರೀ ಬಾಯಾರ ಇದು?" ಎಂದರು ಅಂಗಡಿಯ ಸಾಬರು.

"ಐದು ವರ್ಷ ನಮ್ಮನ್ಯಾಗ ದುಡದೈತ್ರಿ. ಬರಿಗೈಲೆ ಕಳಸಾಕ ಬರ್ತೈತೇನು?"

ಸಾಬರು ಒಂದು ಪಿನ್ನು ತಗೊಂಡು ಚಾರ್ಜ್ ಮಾಡುವ ತೂತಿನಿಂದ ಎರಡು ಅಕ್ಕಿಕಾಳು ಎಬ್ಬಿಸಿದರು. "ಎಲ್ಲಾ ಸರಿ ಬಾಯಾರ. ಸಿಮ್ಮೂ ಒಳಗ ಐತಿ. ಅದನ್ನೂ ಬಳುವಳಿ ಕೊಡ್ತೀರೇನು?"

ಈಗ ನನ್ನದೊಂದು ಗುಟ್ಟು. ಹೋದ ವರ್ಷ ಕಣ್ಣಿನ ಡಾಕ್ಟರು ನನಗೆ ಸ್ಪಷ್ಟವಾಗಿ ಹೇಳಿದ್ದರು: ನಡುವಿನ ನೋಟ ಬರಬರುತ್ತಾ ಮಸುಕಾಗುತ್ತದೆ, ಅಂಚಿನದಷ್ಟೇ ಉಳಿಯುತ್ತದೆ. ಅಂದರೆ ಬಾಗಿಲು ಕಾಣುತ್ತದೆ, ಬಾಗಿಲಲ್ಲಿ ನಿಂತವರ ಮುಖ ಕಾಣುವುದಿಲ್ಲ. ಮನೆಯಲ್ಲಿ ಯಾರಿಗೂ ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಏನಾಗುತ್ತದೆ, ನೀವೇ ಹೇಳಿ? ಒಲೆ ಮುಟ್ಟಬೇಡಿ, ಮೆಟ್ಟಿಲು ಇಳಿಯಬೇಡಿ, ಕೂತಲ್ಲೇ ಕೂತಿರಿ! ಶೋಕೇಸಿನ ಬೊಂಬೆಯ ಪೋಸ್ಟು ಖಾಯಂ. ಅದಕ್ಕೇ ದಿನಾ ಬೆಳಿಗ್ಗೆ ಪೇಪರ್ ಹಿಡಿದು ಕೂರುವುದನ್ನು ತಪ್ಪಿಸಲಿಲ್ಲ. ಈ ಮನೆಗೆ ಕಾಲಿಟ್ಟ ದಿನದಿಂದ "ಓದೋ ಅಕ್ಕ" ಎನಿಸಿಕೊಂಡವಳು ನಾನು. ನನ್ನ ಒಳ್ಳೊಳ್ಳೆಯ ಇಂಗ್ಲಿಷ್ ಕಾದಂಬರಿಗಳು ಕಪಾಟಿನಲ್ಲಿ ನನ್ನನ್ನೇ ನೋಡುತ್ತಿದ್ದವು. ನಾನು ಅವುಗಳ ಕಡೆ ನೋಡುತ್ತಿರಲಿಲ್ಲ.

ಅದೇ ದಿನಗಳಲ್ಲಿ ನನ್ನ ನೆಗೆಣ್ಣಿಯ ಟಿಪ್ಸುಗಳ ಕಾಟ ವಿಪರೀತವಾಯಿತು.

ಮಧ್ಯಾಹ್ನ ಊಟವಾದ ಮೇಲೆ ಮನೆಯ ಫೋನುಗಳನ್ನೆಲ್ಲ ಒಂದು ತಾಸು ಬಂದ್ ಮಾಡುತ್ತಾಳೆ. "ನಾವು ಅಡ್ಡಾಗ್ತೀವಿ, ಅದೂ ಅಡ್ಡಾಗಲಿ." ನಗಬೇಡಿ, ವಾರದಿಂದ ಹ್ಯಾಂಗ್ ಆಗುತ್ತಿದ್ದ ನನ್ನ ಫೋನು ಆ ನಿದ್ದೆಯಿಂದ ಫ್ರೆಶ್ ಆಗಿ ಎದ್ದಿತು! ಅಮಾವಾಸ್ಯೆಯ ಹಿಂದಿನ ದಿನ ಫೋನಿನೊಳಗಿನ ಗುಡ್ ಮಾರ್ನಿಂಗ್ ಗುಲಾಬಿಗಳನ್ನೆಲ್ಲ ಗುಡಿಸಿ ಹಾಕುತ್ತಾಳೆ. "ಮನಿ ಸಾರಸ್ತೀವಿ, ಇದನ್ನ್ಯಾಕ ಬಿಡಬೇಕು?"

ಮೋಸದ ಫೋನಿಗೂ ಅವಳ ಹತ್ತಿರ ಮದ್ದಿದೆ. ಒಂದು ದಿನ ಯಾರೋ ಬ್ಯಾಂಕಿನವನೆಂದು ಹೇಳಿಕೊಂಡು ಓಟಿಪಿ ಕೇಳಿದ. ಇವಳು ಸ್ಪೀಕರ್ ಹಾಕಿ, ಕಾಲು ಚಾಚಿ ಕೂತಳು.

"ಹೇಳ್ತೀನಪ್ಪಾ, ಅದಕ್ಕೇನು. ಊಟ ಆತಾ? ಯಾವೂರಾವ ನೀ?"

"ಹೆಡ್ ಆಫೀಸ್, ಮೇಡಂ. ಬೇಗ ನಂಬರ್ ಹೇಳಿ."

"ಹೆಡ್ ಆಫೀಸ್ ಅನ್ನೋ ಊರು ಮುಂಡರಗಿ ಕಡೆ ನಾ ಕೇಳಿಲ್ಲಪ್ಪಾ. ಇರಲಿ, ನಿಮ್ಮವ್ವನ ತವರುಮನಿ ಯಾವುದು? ಯಾರ ಪೈಕಿ ನೀವು?"

"ಮೇಡಂ, ನಿಮ್ಮ ಕಾರ್ಡ್ ಬ್ಲಾಕ್ ಆಗುತ್ತೆ!"

"ಆಗವಲ್ದ್ಯಾಕ. ನಿನ್ನ ಲಗ್ನ ಆಗೈತೋ ಇಲ್ಲೋ? ಯಳವತ್ತ್ಯಾಗ ಒಂದು ಕನ್ಯಾ ಐತಿ, ಬಿಎ ಮಾಡ್ಯಾಳ. ಹುಡುಗಂದು ಏನು ನೌಕರಿ ಅಂತ ಹೇಳಲಿ ಅವರಿಗೆ?"

ಅವನು ಫೋನಿಟ್ಟ. "ನೋಡ್ರಿ ಅಕ್ಕಾ, ಕಳ್ಳರು ಅವ್ವನ ತವರುಮನಿ ಹೇಳಂಗಿಲ್ಲ. ಅದನ್ನ ಕೇಳಬೇಕು," ಎಂದಳು. ಇಷ್ಟಕ್ಕೇ ಮುಗಿಯಿತೆ? ಮರುದಿನ ಕನ್ಯೆಯ ಫೋಟೋ ಕಳಿಸಬೇಕೆಂದು ಇವಳೇ ಆ ನಂಬರಿಗೆ ಫೋನ್ ಹಚ್ಚಿದಳು. ಅವನು ಇವಳನ್ನು ಬ್ಲಾಕ್ ಮಾಡಿದ್ದ!

ಇದನ್ನೆಲ್ಲ ಸಹಿಸಿಕೊಳ್ಳಬಹುದು. ಆದರೆ ಪಕ್ಕದ ಕೋಣೆಯಿಂದ ವಾಯ್ಸ್ ಮೆಸೇಜ್ ಕಳಿಸುವವಳನ್ನು ಏನು ಮಾಡುವುದು? "ಅಕ್ಕಾ, ಚಹಾ ಆಗೈತಿ." ನಡುವೆ ಇರುವುದು ಒಂದೇ ಗೋಡೆ! ಟೈಪ್ ಮಾಡಲಾದರೂ ಕಲಿ ಎಂದು ರೇಗಿದೆ. "ಟೈಪ್ ಮಾಡಿದ್ರ ನೀವು ಓದಬೇಕಾಗ್ತೈತಿ. ಇದನ್ನ ಕೇಳಿದ್ರ ಆತು," ಎಂದಳು. ಆಲಸಿ ಎಂದುಕೊಂಡೆ.

ಕೊನೆಗೆ ಬಂತು ಟಿಕಳಿಯ ಸರದಿ. ಟಿಕಳಿ ಎಂದರೆ ಹೆಂಗಸರು ಹಣೆಗೆ ಅಂಟಿಸಿಕೊಳ್ಳುವ ಬಿಂದಿ. ಲಕ್ಷ್ಮೇಶ್ವರದ ಸಂತೆಯಿಂದ ಉಬ್ಬು ಹರಳಿನ ಟಿಕಳಿಗಳ ಪಾಕೀಟುಗಳನ್ನೇ ತಂದಳು. ಮಿಕ್ಸರಿಗೆ ಹಚ್ಚಿದಳು, ವಾಷಿಂಗ್ ಮಷೀನಿಗೆ ಹಚ್ಚಿದಳು, ರಿಮೋಟಿಗೆ, ನನ್ನ ಫೋನಿನ ಪಕ್ಕೆಗೂ ಹಚ್ಚಿದಳು. ಯಾಕೆಂದರೆ, "ಚಂದ ಕಾಣ್ತೈತಿ ಬಿಡ್ರಿ." ಮನೆಯ ಮಷೀನುಗಳೆಲ್ಲ ಮದುವೆಗೆ ಹೊರಟಂತೆ ಕಾಣುತ್ತಿದ್ದವು!

ನಮ್ಮ ಗಂಡಂದಿರು, ಅಣ್ಣ ತಮ್ಮ ಇಬ್ಬರೂ, ತೀರಿಕೊಂಡು ವರ್ಷಗಳಾದವು. ನಾನು ಕುಂಕುಮ ತೆಗೆಯಲಿಲ್ಲ. ಕಾನ್ವೆಂಟಿನವಳು, ಅವಳ ರೀತಿಯೇ ಬೇರೆ ಎಂದು ಜನ ಸುಮ್ಮನಾದರು. ನನ್ನ ನೆಗೆಣ್ಣಿಗೆ ಆ ರಿಯಾಯಿತಿ ಯಾರೂ ಕೊಡಲಿಲ್ಲ. ಅವಳೂ ಕೇಳಲಿಲ್ಲ, ನಾನೂ ಕೊಡಿಸಲಿಲ್ಲ. ಎದುರುಮನೆಯಾಕೆ ಮಿಕ್ಸರ್ ನೋಡಿ, "ಹಣಿಗೆ ಹಚ್ಚಲಾರದಾಕಿ ಮಷೀನಿಗೆ ಹಚ್ಯಾಳ ನೋಡ್ರಿ," ಎಂದು ಚುಚ್ಚಿದರೆ ಇವಳು ನಕ್ಕುಬಿಟ್ಟಳು. "ಮಿಕ್ಸರಿಗೆ ಮಂದಿ ಏನೂ ಅನ್ನಂಗಿಲ್ಲಲ್ರೀ ವೈನಿ!"

ಹೋದ ತಿಂಗಳು ಒಂದು ಮುಂಜಾನೆ. ನನ್ನ ಮಗ, ಸೊಸೆ ಕೆಲಸಕ್ಕೆ ಹೋಗಿದ್ದರು. ಇವಳು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ನಾನು ಚಟ್ನಿ ರುಬ್ಬಲು ನಿಂತೆ. ಮಿಕ್ಸರ್ ನೋಡುತ್ತೇನೆ, ಬಟನ್ ಇರುವ ಜಾಗದಲ್ಲಿ ಬರೀ ಮಬ್ಬು. ಕೈ ಚಾಚಿದೆ. ಬೆರಳಿಗೆ ಒಂದು ಹರಳು ತಗುಲಿತು. ಒತ್ತಿದೆ, ಮಿಕ್ಸರ್ ತಿರುಗಿತು. ಪಕ್ಕದಲ್ಲಿ ಎರಡು ಹರಳು, ಒತ್ತಿದೆ, ನಿಂತಿತು. ವಾಷಿಂಗ್ ಮಷೀನಿನ ಹತ್ತಿರ ಹೋದೆ. ಒಂದು ಚಾಲೂ, ಎರಡು ಬಂದ್. ರಿಮೋಟಿಗೂ ಹಾಗೇ.

ಅವಳು ಖಾಲಿ ಬಕೆಟ್ ಹಿಡಿದು ಕೆಳಗೆ ಬಂದಾಗ ನಾನು ರಿಮೋಟನ್ನು ಎದೆಗೊತ್ತಿಕೊಂಡು ನಿಂತಿದ್ದೆ.

"ಲೇ, ಯಾವಾಗಿಂದ ಗೊತ್ತು ನಿನಗ?"

"ಏನ್ರಿ?"

"ನಾಟಕ ಮಾಡಬ್ಯಾಡ."

ಅವಳು ಬಕೆಟ್ ಕೆಳಗಿಟ್ಟಳು. "ತಾಸಗಟ್ಟಲೆ ಪೇಪರ್ ಹಿಡಕೊಂಡು ಕುಂಡ್ರತೀರಿ ಅಕ್ಕಾ. ಹಾಳಿ ತಿರುವಂಗಿಲ್ಲ. ದೀಪಾವಳಿ ಮುಂದ ಒಂದಿನ ಉಲ್ಟಾ ಹಿಡಕೊಂಡಿದ್ರಿ."

"ಮತ್ತ ಕೇಳಬಾರದಾಗಿತ್ತಾ?"

"ಕೇಳಿದ್ರ ಇಂಗ್ಲೀಷಿನ್ಯಾಗ ಬೈತೀರಿ. ಕಾಣೋವಾಗನ ಬೆರಳಿಗೆ ರೂಢಿ ಆಗಲಿ ಅಂತ ಹಚ್ಚಿದೆ. ನಿಮ್ಮ ಚಟ್ನಿ ನೀವ ರುಬ್ಬಬೇಕಲ್ರಿ, ನಾ ರುಬ್ಬಿದ್ದು ನಿಮಗ ಸೇರಂಗಿಲ್ಲ."

ನಾನು ರಿಮೋಟನ್ನು ಕೆಳಗಿಟ್ಟು ಕೇಳಿದೆ, "ಟಿಕಳಿ ಎಷ್ಟು ಉಳದಾವು?"

"ಒಂದ ಐತ್ರಿ. ಗೀಸರಿಗೆ ಇಟ್ಟೀನಿ."

"ಕೊಡಿಲ್ಲೆ."

ಕೊಟ್ಟಳು. ಎಡಗೈಯಿಂದ ಅವಳ ಗದ್ದ ಹಿಡಿದೆ. ಹೆಬ್ಬೆರಳಿನಿಂದ ಹುಬ್ಬುಗಳ ನಡುವಿನ ಜಾಗ ಹುಡುಕಿ ಒತ್ತಿದೆ.

ಅವಳ ಕೈ ಹಣೆಗೆ ಹೋಯಿತು. "ಅಕ್ಕಾ! ಮಂದಿ ಏನಂದಾರು?"

"ಮುಖ ಕಾಣದಂಗ ಆದ ಮ್ಯಾಲ ನಿನ್ನ ಹ್ಯಾಂಗ ಗುರುತು ಹಿಡೀಲಿ? ನನ್ನ ಬೆರಳಿಗೆ ರೂಢಿ ಆಗಬೇಕಲ್ಲ?"

ಅವಳು ಮೂಗು ಒರೆಸಿಕೊಳ್ಳುತ್ತಾ, "ಒಂದು ಅಂದ್ರ ಚಾಲೂ ನೋಡ್ರಿ. ಬಂದ್ ಮಾಡಾಕ ಎರಡು ಬೇಕು," ಎಂದಳು.

"ಎರಡನೇದು ನಾ ತರಂಗಿಲ್ಲ."

ಗೀಸರಿನ ಹಣೆ ಮಾತ್ರ ಇವತ್ತಿಗೂ ಬರಿದಾಗಿಯೇ ಇದೆ.