ಸದ್ದು ಅಡಗಿಸುವ ಗುಂಡಿ

ಊರಿಗಾಂ ಗಣಿ ಕಾರ್ಮಿಕರ ಲೈನುಮನೆಗಳಲ್ಲಿ ಹಗಲು ಹೊತ್ತು ಯಾರೂ ಬಾಗಿಲು ಹಾಕುವುದಿಲ್ಲ. ಹಾಕಿದರೆ ಒಳಗೆ ಜಗಳವೋ ಸಾವೋ ಆಗಿದೆ ಎಂದೇ ಲೆಕ್ಕ. ಇದು ಗೊತ್ತಿದ್ದೂ ಮುನೀಂದ್ರ ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿ ಚಿಲಕ ಜಡಿದ.

ಅದಕ್ಕೆ ಕಾರಣವಿತ್ತು. ಅವನಿಗೆ ಎರಡು ವರ್ಷ ತುಂಬುವ ಮೊದಲೇ ತಾಯಿ ಲಕ್ಷ್ಮೀದೇವಿ ತೀರಿಕೊಂಡಿದ್ದಳು. ಮುಖ ಫೋಟೋದಲ್ಲಿತ್ತು; ದನಿ ಹೇಗಿತ್ತೋ ಗೊತ್ತಿರಲಿಲ್ಲ. ಅಪ್ಪ ಮಸ್ಕತ್ತಿನಲ್ಲಿ ವೆಲ್ಡಿಂಗ್ ಕೆಲಸಕ್ಕಿದ್ದಾಗ, ಓದುಬರಹ ಬಾರದ ಅಮ್ಮ ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸುತ್ತಿದ್ದಳಂತೆ. ಮೂರ್ನಾಲ್ಕು ನಿಮಿಷವಷ್ಟೇ ಓಡುವ ಅಂಥದೊಂದು ಕ್ಯಾಸೆಟ್ಟು ಅಪ್ಪನ ಟ್ರಂಕಿನ ತಳದಲ್ಲಿ ಸಿಕ್ಕಿತ್ತು. ಮನೆಯ ಹಳೇ ಟೇಪ್ ರೆಕಾರ್ಡರಿಗೆ ಹಾಕಿದರೆ ಕಾದ ಎಣ್ಣೆಗೆ ಹಪ್ಪಳ ಬಿಟ್ಟಂತೆ ಬರೀ ಸುಸ್ಸೆನ್ನುವ ಸದ್ದು.

ಬಂಗಾರಪೇಟೆಯ ಹಳೇ ಸಾಮಾನಿನ ಅಂಗಡಿಯವನು ಸ್ಪೀಕರು ಜೋಡಿಸಿದ ಒಂದು ಕ್ಯಾಸೆಟ್ ಡೆಕ್ಕು ತೋರಿಸಿ, "ಈ ಗುಂಡಿ ಒತ್ತಿದ್ರೆ ಸುಸ್ಸನ್ನೋದೆಲ್ಲ ಅಡಗ್ತದೆ, ಮಾತು ಮಾತ್ರ ಉಳೀತದೆ" ಎಂದಿದ್ದ. ಒರಳುಕಲ್ಲಿನಷ್ಟು ಭಾರದ ಅದನ್ನು ಮುನೀಂದ್ರ ಮಾರಿಕುಪ್ಪಂ ರೈಲಿನಲ್ಲಿ ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಕಾಮಸಮುದ್ರದಿಂದ ಅಕ್ಕ ಪುಷ್ಪಳನ್ನೂ ಕರೆಸಿದ್ದ. ಅವಳಿಗೆ ನಾಲ್ಕು ಗಂಟೆಗೆ ವಾಪಸು ಬಸ್ಸು.

ಕ್ಯಾಸೆಟ್ಟು ಒಳಗಿಡುವಷ್ಟರಲ್ಲಿ ಬಾಗಿಲು ದಡದಡ ಎಂದಿತು.

"ಲೇ ಮುನೀಂದ್ರ! ಬಾಗ್ಲು ತೆಗೀಲಾ! ಅಕ್ಕ ತಮ್ಮ ಮನೆ ಪಾಲು ಮಾಡ್ಕೊಂತಿದ್ದೀರಾ?" ಪಕ್ಕದ ಮನೆಯ ಗಂಗರತ್ನಮ್ಮ.

"ಪಾಲೂ ಇಲ್ಲ ಗೀಲೂ ಇಲ್ಲ" ಎನ್ನುತ್ತ ಬಾಗಿಲು ತೆರೆದರೆ, ಅವಳ ಹಿಂದೆ ಎದುರು ಮನೆಯ ಮಾರಿಯಮ್ಮ ಎಲೆಯಡಿಕೆ ಜಗಿಯುತ್ತ ನಿಂತಿದ್ದಳು. ಇಬ್ಬರೂ ಕರೆಯುವ ಮೊದಲೇ ಒಳಗೆ ಬಂದು ಚಾಪೆಯ ಮೇಲೆ ಕೂತರು. ಮುನೀಂದ್ರ ಡೆಕ್ಕಿನ ವಿಷಯ ವಿವರಿಸಬೇಕಾಯಿತು.

"ಬ್ಯಾಡದ ಸದ್ದೆಲ್ಲ ಅಡಗ್ತದಾ?" ಗಂಗರತ್ನಮ್ಮ ಮುಂದೆ ಸರಿದಳು. "ಅಂಗಾದ್ರೆ ಇದರ ಮೊಕ ಆ ಕಡೆ ಗೋಡೆಗೆ ತಿರುಗ್ಸಪ್ಪ. ಆಚೆಮನೆ ಮುನಿನಾರಾಯಣಪ್ಪನ ಟಿವಿ ತಡಕಳಕ್ಕಾಗ್ತಿಲ್ಲ."

"ಇದು ಒರಗಡೆ ಸದ್ದಿಗಲ್ಲಮ್ಮಾ..."

"ತಿರುಗ್ಸಿ ನೋಡೋದಕ್ಕೇನ್ಲಾ ನಿಂಗೆ?"

ಗಂಟೆ ಮೂರಾಗಿತ್ತು. ಮುನೀಂದ್ರ ಸೋತು ಡೆಕ್ಕನ್ನು ಗೋಡೆಗೆ ತಿರುಗಿಸಿದ. ಆ ಗಳಿಗೆಗೇ ಕರೆಂಟು ಹೋಯಿತು. ಟಿವಿ ಗಪ್‌ಚಿಪ್.

"ಅಯ್ಯೋ ಸಾಮಿ!" ಮಾರಿಯಮ್ಮ ಕೆನ್ನೆ ಬಡಿದುಕೊಂಡಳು.

ಟಿವಿ ನಿಂತದ್ದೇ ಮುನಿನಾರಾಯಣಪ್ಪನೂ ಎದ್ದು ಬಂದ. ಗಣಿಯಲ್ಲಿ ಮೂವತ್ತು ವರ್ಷ ಡ್ರಿಲ್ಲು ಹಿಡಿದು ಕಿವಿ ಮಂದವಾಗಿದ್ದ ಅವನಿಗೆ ಗಂಗರತ್ನಮ್ಮ ಕೈಸನ್ನೆಯಲ್ಲೇ ಎಲ್ಲ ಹೇಳಿದಳು. ಅವನು ಡೆಕ್ಕಿನಿಂದ ನಾಲ್ಕಡಿ ದೂರದಲ್ಲಿ, ಕಚ್ಚುವ ನಾಯಿಯ ಮುಂದೆ ಕೂರುವ ಹಾಗೆ ಕೂತ.

ಮೂರು ನಲವತ್ತಕ್ಕೆ ಕರೆಂಟು ಬಂತು. ಮುನೀಂದ್ರ ಕೈ ಮುಗಿದ. "ಎಲ್ರೂ ಐದ್ ನಿಮಿಷ ಬಾಯ್ ಮುಚ್ಕೊಂಡಿರಿ. ನಮ್ಮಮ್ಮನ ದನಿ ನಾನು ಕೇಳೇ ಇಲ್ಲ."

ಹಾಗೆಂದು ಡೆಕ್ಕನ್ನು ಮತ್ತೆ ಈ ಕಡೆ ತಿರುಗಿಸಿ ಕ್ಯಾಸೆಟ್ಟು ಹಚ್ಚಿದ. ಸದ್ದಡಗಿಸುವ ಗುಂಡಿ ಒತ್ತಿದ. ಸುಸ್ಸೆನ್ನುವ ಸದ್ದು ಅಡಗಿತು. ಅದರೊಳಗಿಂದ ನಾಚಿಕೆಯ, ಮೆಲ್ಲಗಿನ ಒಂದು ದನಿ ಎದ್ದುಬಂತು.

"ಏನ್ರೀ... ಚೆನ್ನಾಗಿದ್ದೀರಾ? ಮಗಾ ಈಗ ಅಂಬೆಗಾಲಿಡ್ತಾನೆ..."

ಮುನೀಂದ್ರ ಡೆಕ್ಕಿನ ಹತ್ತಿರಕ್ಕೆ ಸರಿದ. ಪುಷ್ಪ ಸೆರಗು ಬಾಯಿಗಿಟ್ಟುಕೊಂಡಳು. ಅಷ್ಟರಲ್ಲಿ ಕ್ಯಾಸೆಟ್ಟಿನೊಳಗೆ ಎಲ್ಲೋ ಬಿಂದಿಗೆ ಉರುಳಿದ ಸದ್ದಾಯಿತು. "ಇರ್ರಿ, ಬಂದೆ" ಎಂದಿತು ದನಿ. ಟೇಪು ನಿಲ್ಲಿಸುವುದನ್ನೂ ಮರೆತು ಆಚೆ ಓಡಿರಬೇಕು. ಮರುಗಳಿಗೆ ಮನೆ ಮುಂದಿನ ಕೊಳಾಯಿಯ ಕಡೆಯಿಂದ ಅದೇ ದನಿ ಗಣಿಯ ಸೈರನ್ನಿನಂತೆ ಮೊಳಗಿತು.

"ಏ ಮಾರೀ! ನನ್ ಬಿಂದಿಗೆ ಯಾಕೆ ತಳ್ಳಿದ್ಯೇ? ಕೊಳಾಯೇನು ನಿಮ್ಮಪ್ಪ ಆಕ್ಸಿದ್ದಾ? ಕಳ್ಳಿ! ಮೂರೊತ್ತೂ ಇನ್ನೊಬ್ಬರ ಸಾಲಿಗೆ ನುಗ್ಗೋ ಗೂಳಿ!"

ಮಾರಿಯಮ್ಮ ಜಗಿಯುವುದನ್ನು ನಿಲ್ಲಿಸಿದಳು.

"ಯಾರ್ನ ಕಳ್ಳಿ ಅಂದಿದ್ದು?" ಎಂದು ಸೊಂಟಕ್ಕೆ ಕೈಯಿಟ್ಟು ಎದ್ದಳು. "ಸಾಲಲ್ಲಿ ಮೊದ್ಲು ಇದ್ದಿದ್ದೇ ನನ್ ಬಿಂದಿಗೆ!"

"ನಮ್ಮಮ್ಮ ಸುಳ್ಳೇಳ್ತಾಳಾ?" ಪುಷ್ಪಳೂ ಎದ್ದಳು. ಅವಳ ದನಿ ಡೆಕ್ಕಿನಿಂದಲೇ ಬಂದಂತಿತ್ತು.

"ನಾನೇ ಕಣ್ಣಾರೆ ನೋಡಿದ್ದೆ, ತಳ್ಳಿದ್ದು ಮಾರಿಯಮ್ಮನೇ" ಎಂದಳು ಗಂಗರತ್ನಮ್ಮ.

"ನೀನು ಆಗ ಬಾಣಂತನಕ್ಕೆ ತವರಿಗೋಗಿದ್ದೆ ಕಣೇ!"

ಡೆಕ್ಕು ಆಡುತ್ತಲೇ ಇತ್ತು, ಒಂದಕ್ಷರವೂ ಕೇಳಿಸಲಿಲ್ಲ. ಮುನೀಂದ್ರ ಅದನ್ನು ನಿಲ್ಲಿಸಿದ. ಮೂರು ಮುಕ್ಕಾಲು. ಮೊದಲು ಅಕ್ಕನನ್ನು ಬಸ್ಸು ಹತ್ತಿಸಿ, ಇವರನ್ನೆಲ್ಲ ಸಾಗಹಾಕಿ, ಆಮೇಲೆ ಒಬ್ಬನೇ ಕೂತು ನಿಧಾನವಾಗಿ ಕೇಳೋಣ ಎಂದುಕೊಂಡು ಆಟೋ ತರಲು ಮೂಲೆಗೆ ಓಡಿದ.

ಐದು ನಿಮಿಷಕ್ಕೆ ಆಟೋ ತಂದು ಬಾಗಿಲಿಗೆ ನಿಂತರೆ ಒಳಗೆ ಜಗಳದ ಸುಳಿವೇ ಇರಲಿಲ್ಲ. ಎಲ್ಲರೂ ಪಂಚಾಯಿತಿಗೆ ಕೂತವರಂತೆ ಗಂಭೀರವಾಗಿದ್ದರು. ಮಾರಿಯಮ್ಮ ಡೆಕ್ಕಿಗೆ ಮೂಗು ತಾಗುವಷ್ಟು ಬಾಗಿ, ಕೈ ಕುಣಿಸುತ್ತ ಮಾತಾಡುತ್ತಿದ್ದಳು.

"...ಕೇಳ್ಸ್ಕೊ ಲಕ್ಷ್ಮೀದೇವಿ, ಅವತ್ತು ನಾನು ಬೆಳಕರಿಯೋಕೆ ಮುಂಚೇನೇ ಬಂದು ಬಿಂದಿಗೆ ಇಟ್ಟಿದ್ದೆ..."

ಡೆಕ್ಕಿನ ಮೇಲೆ ಕೆಂಪು ದೀಪ ಉರಿಯುತ್ತಿತ್ತು.

"ಮಾರಿಯಮ್ಮತ್ತೇ! ಕೆಂಪು ಗುಂಡಿ ಯಾಕೆ ಒತ್ತಿದ್ರಿ?"

"ಮತ್ತೆ ಜವಾಬು ಎಂಗ್ಲಾ ಕೊಡೋದು? ನಮ್ಮನೇರು ದುಬಾಯಲ್ಲಿದ್ದಾಗ ನಾನೂ ಇಂಗೇ ಕೆಂಪು ಒತ್ತಿ ಮಾತಾಡ್ತಿದ್ದೆ. ನಿಂಗೊಬ್ನಿಗೇನಾ ಗೊತ್ತಿರೋದು?"

"ನ್ಯಾಯ ಅಂದ್ಮೇಲೆ ಎರಡ್ ಕಡೆ ಮಾತೂ ಇರ್ಬೇಕಲ್ವೇನೋ" ಎಂದಳು ಪುಷ್ಪ. "ಟೇಪು ಮೊದಲಿಗೆ ಸುತ್ತಿ ಕೊಟ್ಟಿದ್ದು ನಾನೇ."

ಮುನೀಂದ್ರ ನುಗ್ಗಿ ಡೆಕ್ಕು ನಿಲ್ಲಿಸಿದ. ಹಳೇ ಟೇಪ್ ರೆಕಾರ್ಡರುಗಳ ಹೊಟ್ಟೆಯಲ್ಲೇ ಮೈಕು ಇರುತ್ತಿತ್ತು. ಈ ಡೆಕ್ಕಿಗೆ ಮೈಕು ಬೇರೆಯಾಗಿ ಚುಚ್ಚಬೇಕು. ಅದು ಅವನ ಬಳಿ ಇರಲಿಲ್ಲ. ಮೈಕಿಲ್ಲದೆ ಕೆಂಪು ಗುಂಡಿ ಒತ್ತಿದರೆ ಹೊಸ ಮಾತು ಸೇರುವುದಿಲ್ಲ, ಹಳೇ ಮಾತು ಮಾತ್ರ ಅಳಿಸಿಹೋಗುತ್ತದೆ.

ಅವನು ಹಿಂದಕ್ಕೆ ಸುತ್ತಿ ಹಚ್ಚಿದ. ಎಲ್ಲರೂ ಕಿವಿಯೊಡ್ಡಿದರು. ಅಮ್ಮ ಇಲ್ಲ, ಕೊಳಾಯಿ ಇಲ್ಲ, ಮಾರಿಯಮ್ಮನೂ ಇಲ್ಲ. ಕಡೆಗೆ ಆ ಹಪ್ಪಳ ಕರಿಯುವ ಸದ್ದೂ ಇರಲಿಲ್ಲ. ಬೀದಿಯಲ್ಲಿ ಆಟೋದವನು ಹಾರನ್ ಒತ್ತುತ್ತಿದ್ದ.

"ಒಳ್ಳೆ ಮಿಷನ್ ಕಣ್ಲಾ" ಎಂದ ಮುನಿನಾರಾಯಣಪ್ಪ ತಲೆದೂಗುತ್ತ. "ಒಂದ್ ಚೂರೂ ಸದ್ದಿಲ್ಲ."

ಮಾರಿಯಮ್ಮನಿಗೆ ಮಾತ್ರ ಸಿಟ್ಟು ಇಳಿದಿರಲಿಲ್ಲ.

"ನಾನೇಳಿದ್ದನ್ನೆಲ್ಲ ನುಂಗ್ಬುಟ್ಳು ನೋಡು ನಿಮ್ಮಮ್ಮ! ಬದುಕಿದ್ದಾಗ್ಲೂ ಅಂಗೇನೆ, ನನ್ಗೆ ಬಾಯ್ ಬಿಡಕ್ಕೇ ಬಿಡ್ತಿರ್ಲಿಲ್ಲ."