ಬಾತುಕೋಳಿ ಟೋಪಿಯ ನಿಜ ಅಳತೆ

ಕಚೇರಿಯ ಸುತ್ತೋಲೆಗಳಿಗೆ ಅಂಚು, ತಲೆಬರಹ, ಪುಟಸಂಖ್ಯೆ ಕೂರಿಸಿ ಕೂರಿಸಿ ಕೈ ಪಳಗಿದ ನನ್ನಂಥ ಗಂಡ ಮನೆಯಲ್ಲಿರುವಾಗ, ಹೆಂಡತಿಯ ಪುಸ್ತಕದ ಪುಟಗಳನ್ನು ಪ್ರಿಂಟಿಂಗ್ ಅಂಗಡಿಯವನು ಜೋಡಿಸುವುದೇ? ಛೆ! ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಸುಳ್ಳು ಮಾಡಿಯೇ ತೀರುತ್ತೇನೆಂದು ಕಾಫಿ ಲೋಟ ಹಿಡಿದು ಪ್ರತಿಜ್ಞೆ ಮಾಡಿದೆ. ಪ್ರತಿಜ್ಞೆಯ ಭರಕ್ಕೆ ಅರ್ಧ ಕಾಫಿ ಲುಂಗಿಯ ಮೇಲೆ ಚೆಲ್ಲಿತು. ಅದು ಅಪಶಕುನವೆಂದು ಆಗ ಹೊಳೆಯಲಿಲ್ಲ.

ಪುಸ್ತಕವೆಂದರೆ ಮಹಾಕಾವ್ಯವೇನಲ್ಲ. ನನ್ನವಳು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ತರಗತಿ ನಡೆಸುತ್ತಾಳೆ. ಕಲಿಯಲು ಬರುವ ಹೆಂಗಸರಿಗಾಗಿ ತಾನೇ ಟೈಪು ಮಾಡಿದ ಪುಟ್ಟ ಕೈಪಿಡಿ ಅದು. ಅದರ ಜೀವಾಳ ಕೊನೆಯ ಪುಟದಲ್ಲಿದ್ದ, ಆಗತಾನೇ ಹುಟ್ಟಿದ ಮಗುವಿನ ಟೋಪಿಯ ನಕ್ಷೆ. ಅದರ ಕೆಳಗೆ ‘ಇದು ನಿಜ ಅಳತೆ’ ಎಂದಿತ್ತು. ಆ ಪುಟವನ್ನೇ ಕತ್ತರಿಸಿ ಬಟ್ಟೆಯ ಮೇಲಿಟ್ಟು, ಗುಂಡುಪಿನ್ನು ಚುಚ್ಚಿ, ಗೆರೆಯ ಗುಂಟ ಕತ್ತರಿ ಆಡಿಸಬೇಕು. ‘ಸ್ವಂತ ಬುದ್ಧಿ ಆಮೇಲೆ, ಮೊದಲು ಪುಸ್ತಕ ಹೇಳಿದಂತೆ ಕತ್ತರಿಸಿ’ ಎನ್ನುವುದು ಅವಳ ತರಗತಿಯ ಮೊದಲ ಪಾಠ.

ಈ ಟೋಪಿಗೆ ಅಷ್ಟು ಮರ್ಯಾದೆ ಬರಲು ಕಾರಣವಿತ್ತು. ಹತ್ತಿರದ ಆಸ್ಪತ್ರೆಯ ಹೆರಿಗೆ ವಾರ್ಡಿನ ಹಿರಿಯ ನರ್ಸ್ ಒಂದು ಕಂತೆ ಟೋಪಿ ಹೊಲಿದುಕೊಡಿ ಎಂದು ಬಟ್ಟೆ ಕಳಿಸಿದ್ದರು. ಹಳದಿ ಬಟ್ಟೆ, ಅದರ ತುಂಬ ಬಿಳಿ ಬಾತುಕೋಳಿಗಳು. ಈ ಕಂತೆ ಒಪ್ಪಿಗೆಯಾದರೆ ತರಗತಿಯ ಹೆಂಗಸರಿಗೆ ವರ್ಷವಿಡೀ ಕೆಲಸ. ಆಗದಿದ್ದರೆ ಮತ್ತೆ ಮನೆಯವರ ಹರಿದ ಪ್ಯಾಂಟುಗಳಿಗೆ ತೇಪೆ.

ಅಷ್ಟರಲ್ಲಿ ನನ್ನವಳ ಅಕ್ಕ ಕಾಲು ಉಳುಕಿಸಿಕೊಂಡು ಮಲಗಿದರು. ಇವಳು ಅಲ್ಲಿಗೆ ಹೊರಡಬೇಕಾಯಿತು. ತರಗತಿಯ ಉಸ್ತುವಾರಿ ನನ್ನ ಅತ್ತೆಗೆ, ಪುಸ್ತಕದ ಉಸ್ತುವಾರಿ ನನಗೆ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಎಚ್ಚರಿಸಿದಳು.

“ರೀ, ಅಕ್ಷರಗಳನ್ನ ಏನು ಬೇಕಾದ್ರೂ ಮಾಡ್ಕೊಳ್ಳಿ. ಆ ನಕ್ಷೆಗೆ ಮಾತ್ರ ಕೈ ಹಾಕಬೇಡಿ.”

“ನಾನೇನು ಚಿಕ್ಕ ಮಗೂನಾ?”

“ಮಗು ಆಗಿದ್ರೆ ನಂಗೆ ಇಷ್ಟು ಭಯ ಇರ್ತಿರಲಿಲ್ಲ.”

ಅವಳ ಆಟೋ ತಿರುವು ದಾಟುವ ಮೊದಲೇ ನಾನು ಕಂಪ್ಯೂಟರಿನ ಮುಂದೆ ಪಟ್ಟಾಭಿಷಿಕ್ತನಾದೆ. ಮೊದಲು ಅಂಚು ಅಗಲ ಮಾಡಿದೆ. ಸಾಲುಗಳು ದಡಬಡ ಮುಂದಿನ ಪುಟಕ್ಕೆ ಇಳಿದವು. ಬ್ಯಾಕ್‌ಸ್ಪೇಸ್ ಒತ್ತಿ ಮೇಲಕ್ಕೆಳೆದೆ. ಗುಂಡಿ ಹೊಲಿಯುವ ಪಾಠ ಹೋಗಿ ಕಾಜಾ ಪಾಠದ ಹೊಟ್ಟೆಯೊಳಗೆ ಸೇರಿಕೊಂಡಿತು. ಎಂಟರ್ ಒತ್ತಿ ಬಿಡಿಸಿದೆ. ನಡುವೆ ಒಂದು ಖಾಲಿ ಪುಟ ಹುಟ್ಟಿತು. ಅಳಿಸಿದರೆ ಹೋಗದು, ಬೈದರೆ ಕೇಳದು, ಕರೆಯದೆ ಬಂದ ನೆಂಟನ ಹಾಗೆ ಕೂತೇ ಇತ್ತು. ಕೊನೆಗೆ ‘ಟಿಪ್ಪಣಿಗಾಗಿ’ ಎಂದು ಅದರ ನೆತ್ತಿಯ ಮೇಲೆ ಬರೆದು ಗೌರವದಿಂದ ಒಳಗೆ ಕರೆದುಕೊಂಡೆ.

ಆಮೇಲೆ ಸೂಜಿಯ ಚಿತ್ರವನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದೆ. ಕೂದಲೆಳೆಯಷ್ಟೇ! ಅದು ಪುಟಗಳನ್ನು ಹಾರಿ ಹೋಗಿ ಅರ್ಪಣೆಯ ಪುಟದಲ್ಲಿ ನಾಟಿತು. ‘ನನಗೆ ಸೂಜಿ ಹಿಡಿಯಲು ಕಲಿಸಿದ ಅಮ್ಮನಿಗೆ’ ಎಂಬ ಸಾಲಿನಲ್ಲಿ ಅಮ್ಮನನ್ನೇ ಸೂಜಿ ಚುಚ್ಚುತ್ತಿತ್ತು. ಹಿಂದೆ ನಿಂತಿದ್ದ ಅತ್ತೆ ಕನ್ನಡಕ ಏರಿಸಿ ನೋಡಿ, ಅಳಿಯನ ಮನಸ್ಸಿನಲ್ಲಿ ಇದ್ದದ್ದು ಈಗ ಹೊರಗೆ ಬಂತು ಎಂದು ಒಳಗೆ ಹೋದರು.

ಅಳತೆಗಳ ಪಟ್ಟಿ ಪುಟಕ್ಕಿಂತ ಅಗಲವಾಗಿತ್ತು. ಆ ಒಂದು ಪುಟವನ್ನು ಅಡ್ಡ ತಿರುಗಿಸೋಣವೆಂದು ಒತ್ತಿದರೆ ಇಡೀ ಪುಸ್ತಕ ಅಡ್ಡಬಿತ್ತು. ಎಬ್ಬಿಸಿದರೆ ಪಟ್ಟಿಯೂ ಎದ್ದು ನಿಂತಿತು. ಬೆವರು ಒರೆಸಿಕೊಂಡು, ಒಂದೊಂದೇ ಪುಟವನ್ನು ಮುದ್ದುಮಾಡಿ, ಹೆದರಿಸಿ, ಸಂಜೆಯ ಹೊತ್ತಿಗೆ ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿದೆ. ಕೊನೆಯ ಪುಟವೊಂದು ಮಾತ್ರ ಜಪ್ಪಯ್ಯ ಎಂದರೂ ಏಳಲಿಲ್ಲ, ಅಡ್ಡಡ್ಡ ಮಲಗಿಯೇ ಇತ್ತು. ಅದರ ನಟ್ಟನಡುವೆ ಆ ಟೋಪಿಯ ನಕ್ಷೆ, ಸುತ್ತ ಬೇಕಾದಷ್ಟು ಬಿಳಿ ಜಾಗ.

ಇಲ್ಲಿ ನನ್ನೊಳಗಿನ ಕಲಾವಿದ ಎದ್ದ. ಕೈ ಹಾಕಬೇಡಿ ಎಂದವಳು ಎಲ್ಲೋ ದೂರದಲ್ಲಿದ್ದಳು. ಇಷ್ಟು ಜಾಗವನ್ನು ಹಾಳು ಬಿಡುವುದುಂಟೇ? ನಕ್ಷೆಯ ಮೂಲೆ ಹಿಡಿದೆ, ಎಳೆದೆ. ಅದು ಚಪಾತಿ ಹಿಟ್ಟಿನ ಹಾಗೆ ಹಿಗ್ಗಿ ಪುಟದ ಅಂಚಿನವರೆಗೂ ಹರಡಿಕೊಂಡಿತು. ಎಷ್ಟು ಲಕ್ಷಣವಾಗಿತ್ತೆಂದರೆ ‘ಇದು ನಿಜ ಅಳತೆ’ ಎಂಬ ಸಾಲನ್ನೂ ದಪ್ಪ ಅಕ್ಷರ ಮಾಡಿ ಸುತ್ತ ಚೌಕಟ್ಟು ಹಾಕಿದೆ.

ಪುಸ್ತಕ ಅಚ್ಚಾಗಿ ಬಂತು. ಹೆಂಗಸರು ಕೊನೆಯ ಪುಟ ಕತ್ತರಿಸಿ, ಬಟ್ಟೆಗೆ ಪಿನ್ನು ಚುಚ್ಚಿ ಕೆಲಸಕ್ಕೆ ಕೂತರು. ಯಂತ್ರಗಳು ಗಡಗಡ ಓಡಿದವು. ಯಾರೂ ಚಕಾರ ಎತ್ತಲಿಲ್ಲ, ಸ್ವಂತ ಬುದ್ಧಿ ಆಮೇಲೆ ತಾನೇ! ಅತ್ತೆ ಮಾತ್ರ ಮೊದಲ ಟೋಪಿಯನ್ನು ಎತ್ತಿ ಹಿಡಿದು ನನ್ನ ಬಳಿ ತಂದರು.

“ಅಳಿಯಂದ್ರೇ, ಇದರೊಳಗೆ ಮಗುವಿನ ತಲೆ ಹಾಕಬೇಕಾ, ಮಗುವನ್ನೇ ಹಾಕಬೇಕಾ?”

ನಾನು ನಕ್ಕುಬಿಟ್ಟೆ. ಈಗಿನ ಮಕ್ಕಳು ಹುಟ್ಟುವಾಗಲೇ ದಷ್ಟಪುಷ್ಟ ಎಂದು ತಿಳಿಹೇಳಿ, ಚೌಕಟ್ಟಿನೊಳಗಿನ ದಪ್ಪ ಅಕ್ಷರಗಳನ್ನು ತೋರಿಸಿದೆ. ಅಚ್ಚಾದ ಮಾತಿಗೆ ಎದುರುಂಟೇ? ಅತ್ತೆ ಸುಮ್ಮನಾದರು. ಅವರು ಸುಮ್ಮನಾದರೆ ಹೆದರಬೇಕು ಎಂಬುದು ಮದುವೆಯಾದ ಇಷ್ಟು ವರ್ಷದಲ್ಲಿ ನನಗೆ ಗೊತ್ತಿರಬೇಕಿತ್ತು.

ನನ್ನವಳು ಅಕ್ಕನ ಊರಿನಿಂದ ಬಂದು ಚೀಲ ಇಳಿಸುವುದಕ್ಕೂ ನರ್ಸ್ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಟೋಪಿಗಳ ಕಂತೆ ಮೇಜಿನ ಮೇಲೆ ಇಸ್ತ್ರಿಯಾಗಿ ಕೂತಿತ್ತು. ಇವಳು ನಗುತ್ತಾ ಒಂದನ್ನು ಎತ್ತಿಕೊಂಡು ಒಳಗೆ ಕೈ ಹಾಕಿದಳು. ಒಂದು ಮುಷ್ಟಿ ಹೋಯಿತು. ಇನ್ನೊಂದು ಮುಷ್ಟಿಯೂ ಹೋಯಿತು. ನಗು ನಿಂತಿತು. ಕತ್ತರಿಸದೆ ಉಳಿದಿದ್ದ ಪುಸ್ತಕವೊಂದನ್ನು ತೆಗೆದು ಕೊನೆಯ ಪುಟದ ಮೇಲೆ ಟೇಪು ಹಿಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ರೀ, ಇಲ್ಲಿ ಬನ್ನಿ. ತಲೆ ಬಗ್ಗಿಸಿ.”

ಬಗ್ಗಿಸಿದೆ. ಟೋಪಿ ನನ್ನ ತಲೆಯ ಮೇಲೆ ಬಂತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ದರ್ಜಿ ಅಳತೆ ಹಿಡಿದು ಹೊಲಿದ ಹಾಗೆ ಕೂತಿತು. ಅತ್ತೆ ಕನ್ನಡಕ ಏರಿಸಿ ನೋಡಿದರು.

“ಪುಸ್ತಕದಲ್ಲಿ ಸುಳ್ಳು ಬರೆದಿಲ್ಲ ಬಿಡು ಮಗಳೇ. ಆಗತಾನೇ ಹುಟ್ಟಿದ ಬುದ್ಧಿಗೆ ಇದೇ ನಿಜ ಅಳತೆ.”

ಎಲ್ಲರೂ ನಕ್ಕರು. ಆದರೆ ಕಿಟಕಿಯ ಪಕ್ಕದ ಯಂತ್ರದಲ್ಲಿ ಕೂತಿದ್ದ ಹೆಂಗಸೊಬ್ಬರು ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನನಗೆ ಕಂಡಿತು. ದುಡ್ಡಿಗೆಂದು ಅವರು ಕೈಯಾರೆ ಮಾಡಿದ ಮೊದಲ ಕೆಲಸ ಅದು. ನಿಜ ಹೇಳುತ್ತೇನೆ, ಬಾತುಕೋಳಿಗಳ ಕೆಳಗೆ ನನ್ನ ಮುಖ ಸಣ್ಣಗಾಯಿತು. ತಪ್ಪು ಇವರದಲ್ಲ, ನನ್ನದು, ನನ್ನೊಬ್ಬನದೇ ಎಂದು ನರ್ಸ್‌ಗೆ ಕೈಮುಗಿದೆ. ಟೋಪಿ ತೆಗೆಯಲು ಮರೆತಿದ್ದೆ.

ಆ ಪುಣ್ಯಾತ್ಗಿತ್ತಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕೂತು, ಟೋಪಿಯೊಂದನ್ನು ತಿರುವಿ ಹೊಲಿಗೆ ಎಳೆದು ನೋಡಿದರು. ತಾವೇ ಹಾಕಿಕೊಂಡು ಗೋಡೆಯ ಕನ್ನಡಿಯ ಮುಂದೆ ನಿಂತರು.

“ಹೊಲಿಗೆ ಗಟ್ಟಿಯಾಗಿದೆ. ಹೆರಿಗೆ ಕೋಣೆಯಲ್ಲಿ ನಮಗೂ ಟೋಪಿ ಬೇಕೇ ಬೇಕು. ಮಕ್ಕಳು ಕಣ್ಣು ಬಿಟ್ಟ ಕೂಡಲೇ ಬಾತುಕೋಳಿ ನೋಡ್ಲಿ ಬಿಡಿ. ಇವಿಷ್ಟೂ ನಮಗಿರಲಿ, ಮಕ್ಕಳಿಗೆ ಬೇರೆ ಬಟ್ಟೆ ಕಳಿಸ್ತೀನಿ.”

ಹೊಲಿದ ಕೈಗಳಿಗೆ ಜೀವ ಬಂತು. ಎರಡನೆಯ ಕಂತೆ ಪುಟಾಣಿ ತಲೆಗಳಿಗೆ ಸರಿಯಾಗಿ ಕೂತಿತು, ಕೆಲಸವೂ ಕಾಯಂ ಆಯಿತು. ಪುಸ್ತಕವನ್ನು ತಿದ್ದಿಕೊಡುತ್ತೇನೆಂದು ನಾನು ಕಂಪ್ಯೂಟರಿನ ಹತ್ತಿರ ಸುಳಿದೆ. ನನ್ನವಳು ಮೌಸನ್ನು ಕಿತ್ತು ತನ್ನ ದಾರದುಂಡೆಗಳ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ಹೊಸ ಅಚ್ಚಿನ ಕೆಲಸ ಪ್ರಿಂಟಿಂಗ್ ಅಂಗಡಿಯವನ ಪಾಲಾಯಿತು.

ಮೊನ್ನೆ ಅದು ಬಂತು. ಒಪ್ಪಿಕೊಳ್ಳಲೇಬೇಕು, ಬಹಳ ಅಚ್ಚುಕಟ್ಟು. ಅಂಚು ಸಮ, ಖಾಲಿ ಪುಟವಿಲ್ಲ, ಸೂಜಿ ತನ್ನ ಪಾಡಿಗೆ ತಾನಿದೆ. ಟೋಪಿಯ ನಕ್ಷೆಯೂ ಹದವಾಗಿ ಕೂತಿದೆ. ಅದರ ಎದುರಿನ ಪುಟದಲ್ಲಿ ಮಾತ್ರ ಹೊಸದೊಂದು ಫೋಟೋ. ಬಾತುಕೋಳಿ ಟೋಪಿ ಹಾಕಿಕೊಂಡು, ಕೈಮುಗಿದು ನಿಂತಿರುವ ನಾನು! ಆ ದಿನ ಯಾರು ಮೊಬೈಲಿನಲ್ಲಿ ಹಿಡಿದಿದ್ದರೋ ಕಾಣೆ. ಕೆಳಗೆ ದಪ್ಪ ಅಕ್ಷರದಲ್ಲಿ, ನಾನೇ ಹಾಕಿದಂಥ ಚೌಕಟ್ಟಿನೊಳಗೆ, ಒಂದು ಸಾಲು:

‘ನೀವು ಹೊಲಿದ ಟೋಪಿ ಇವರಿಗೆ ಸರಿಹೋದರೆ, ನಕ್ಷೆಯನ್ನು ಯಾರೋ ಮುಟ್ಟಿದ್ದಾರೆ ಎಂದು ತಿಳಿಯಿರಿ.’