ಇಂಡಿಕೇಟರ್ ಇಲ್ಲದ ಊರು

ನನ್ನ ಕಾರಿನಲ್ಲಿ ಎರಡು ಬ್ರೇಕುಗಳಿವೆ. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂರುವ ನನ್ನ ಕಾಲಡಿ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಾಗಿ ಈ ಊರಿನ ಅರ್ಧ ಜನಕ್ಕೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವನು ನಾನು. (ಉಳಿದರ್ಧ ಜನ ಅವರಿಗೆ ಹೆದರಿ ಮನೆಯಲ್ಲೇ ಇರುತ್ತಾರೆ ಎಂಬುದು ನನ್ನ ಹೆಂಡತಿಯ ಟೀಕೆ.) ಅವಳಿಗೆ ಮಾತ್ರ ಕಲಿಸಿಲ್ಲ. ಮದುವೆಯಾದಾಗಿನಿಂದ ಅವಳು ಕೇಳುತ್ತಿದ್ದಾಳೆ, ನಾನು ಜಾರಿಕೊಳ್ಳುತ್ತಿದ್ದೇನೆ. ಮನೆಯ ಸ್ಟಿಯರಿಂಗ್ ಹೇಗೂ ಅವಳ ಕೈಯಲ್ಲಿದೆ. ಕಾರಿನದ್ದಾದರೂ ನನ್ನ ಬಳಿ ಇರಲಿ ಎಂದು ಆಸೆಪಟ್ಟರೆ ತಪ್ಪೇ?

ಹೀಗಿರಲು ಒಂದು ಭಾನುವಾರ ಮಗಳು ಟಿ.ವಿ.ಗೆ ಏನೋ ವೈರು ಸಿಕ್ಕಿಸಿ ನನ್ನನ್ನು ಕರೆದಳು. ಅವಳು ಒಂದು ವೆಬ್ ಪತ್ರಿಕೆಗೆ ವೀಡಿಯೋ ಗೇಮ್‌ಗಳ ವಿಮರ್ಶೆ ಬರೆಯುತ್ತಾಳೆ.

"ಅಪ್ಪಾ, ಇದರಲ್ಲಿ ಇಡೀ ಊರೇ ಇದೆ. ಎಲ್ಲಿಗೆ ಬೇಕಾದ್ರೂ ಹೋಗಬಹುದು, ಯಾವ ಕಾರು ಬೇಕಾದ್ರೂ ಓಡಿಸಬಹುದು. ಗೇಮ್ ಬಗ್ಗೆ ಏನೂ ಗೊತ್ತಿಲ್ಲದವರು ಆಡಿ, ಒಳ್ಳೇದೇನು ಕೆಟ್ಟದ್ದೇನು ಅಂತ ಹೇಳ್ಬೇಕು. ನಿನ್ನಷ್ಟು ಏನೂ ಗೊತ್ತಿಲ್ಲದವರು ಇನ್ಯಾರು ಸಿಗ್ತಾರೆ?"

ಹೊಗಳಿಕೆಗೆ ನಾನು ಬೇಗ ಕರಗುತ್ತೇನೆ. ರಿಮೋಟು (ಅದಕ್ಕೆ ಹಾಗನ್ನಬಾರದಂತೆ) ಕೈಗೆತ್ತಿಕೊಂಡೆ. ನಿಜ ಹೇಳಬೇಕೆಂದರೆ ಊರು ಬಲು ಸೊಗಸಾಗಿತ್ತು. ಮಳೆ ಬಂದರೆ ರಸ್ತೆ ಮಿನುಗುತ್ತದೆ, ಅಂಗಡಿಯವನು ಓಡಿಬಂದು ಸಾಮಾನು ಒಳಗೆಳೆದುಕೊಳ್ಳುತ್ತಾನೆ. ದೂರದಲ್ಲಿ ಕಾಣುವ ಬೆಟ್ಟದ ತುದಿಗೂ ಹೋಗಿ ನಿಲ್ಲಬಹುದು. ಆದರೆ ಮೊದಲ ತಿರುವಿನಲ್ಲೇ ಆ ಊರಿನ ಮಹಾಲೋಪ ನನ್ನ ಕಣ್ಣಿಗೆ ಬಿತ್ತು.

"ಇಂಡಿಕೇಟರ್ ಬಟನ್ ಯಾವುದಮ್ಮಾ?"

"ಇಲ್ಲ ಅಪ್ಪಾ."

"ಇಲ್ವಾ? ಇಷ್ಟು ದೊಡ್ಡ ಊರು ಕಟ್ಟಿದವರಿಗೆ ಒಂದು ದೀಪ ಹಾಕೋಕೆ ಏನಾಗಿತ್ತು ರೋಗ?"

ಮಗಳು ಸಂಭ್ರಮದಿಂದ ಬರೆದುಕೊಂಡಳು. ನನ್ನ ಆಕ್ಷೇಪಣೆಗಳು ಬೆಳೆಯುತ್ತ ಹೋದವು. ನೀಲಿ ಅಂಗಿಯ ಒಬ್ಬನೇ ಆಸಾಮಿ ಎಲ್ಲ ಬೀದಿಗಳಲ್ಲೂ ರಸ್ತೆ ದಾಟುತ್ತಾನೆ. ಗಾಡಿ ಗುದ್ದಿದರೆ ಬಿದ್ದವನು ಎದ್ದು, "ಇವತ್ತು ಹವೆ ಚೆನ್ನಾಗಿದೆ" ಎಂದು ಮುಂದೆ ನಡೆಯುತ್ತಾನೆ. ಚಕ್ರ ಹತ್ತಿಸಿದ ಹೂಗಿಡ ಮರುಕ್ಷಣ ತಲೆಯೆತ್ತಿ ನಿಲ್ಲುತ್ತದೆ. ಇಂಥ ಊರಿನಲ್ಲಿ ಬೆಳೆದ ಮಕ್ಕಳು ನಾಳೆ ನನ್ನ ಹತ್ತಿರ ಕಲಿಯಲು ಬಂದರೆ ಗತಿಯೇನು!

ನನಗೆ ಸಿಕ್ಕ ಕೆಲಸ, ಪೆಟ್ಟಿಗೆ ಕದ್ದೋಡುವ ಕಳ್ಳರನ್ನು ಕಾರಿನಲ್ಲಿ ಬೆನ್ನಟ್ಟುವುದು. ನಾನು ಬೆನ್ನಟ್ಟಿದೆ. ಕೆಂಪು ದೀಪ ಬಂತು. ನಿಂತೆ. ಕಳ್ಳರು ಹೋದರು. ಪರದೆಯ ಮೇಲೆ ಸೋತಿರಿ ಎಂದು ಬಂತು. ಮತ್ತೆ ಬೆನ್ನಟ್ಟಿದೆ, ಮತ್ತೆ ದೀಪ, ಮತ್ತೆ ಸೋಲು.

ಬಟ್ಟೆ ಮಡಚುತ್ತಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. "ರೀ, ಅವರು ಕಳ್ಳರು. ಸಿಗ್ನಲ್ಲಿಗೆ ಕಾಯ್ತಾರಾ?"

"ಅವರು ಕಳ್ಳರು ಅಂತ ನಾನೂ ನಿಯಮ ಮುರೀಲಾ?"

"ಸರಿ, ನಾನು ಹಿಡೀತೀನಿ. ಹಿಡಿದ್ರೆ ನನಗೆ ಕಾರು ಕಲಿಸ್ತೀರಾ?"

ಮಿಕ್ಸಿಯ ಬಟನ್ ಬಿಟ್ಟರೆ ಬೇರೆ ಬಟನ್ ಮುಟ್ಟದವಳು. ಧಾರಾಳವಾಗಿ ಒಪ್ಪಿಕೊಂಡೆ. ಅವಳು ರಿಮೋಟು ಹಿಡಿದದ್ದೇ ತಡ, ಕಾರು ಮಾರುಕಟ್ಟೆಯೊಳಗೆ ನುಗ್ಗಿ, ಮೆಟ್ಟಿಲಿಳಿದು, ಸೇತುವೆಯಿಂದ ಹಾರಿ ಕಳ್ಳರ ಕಾರಿನ ನೆತ್ತಿಯ ಮೇಲೇ ಕೂತಿತು. ಮಗಳು ಸೋಫಾದ ಮೇಲೆ ಹತ್ತಿ ಕುಣಿದಳು.

"ನೋಡಿದ್ಯಾ? ಹೀಗೆ ಓಡಿಸೋಳ ಕೈಗೆ ಯಾರಾದ್ರೂ ಕಾರು ಕೊಡ್ತಾರಾ?" ಎಂದೆ.

ಹೆಂಡತಿ ಜಗಳವಾಡಲಿಲ್ಲ. ಮಡಚಿದ ಬಟ್ಟೆ ಎತ್ತಿಕೊಂಡು, "ನೀವು ಕಲಿಸಲ್ಲ ಅಂತ ಗೊತ್ತಿತ್ತು ಬಿಡಿ" ಎಂದು ಒಳಗೆ ಹೋದಳು. ಜಗಳವಾಡಿದ್ದರೆ ಗೆಲ್ಲುತ್ತಿದ್ದೆನೇನೋ, ಆ ಮಾತಿಗೆ ನನಗೆ ನಿಜಕ್ಕೂ ಕೆಡುಕೆನಿಸಿತು. ಮಗಳು ಬೇರೆ ಕಣ್ಣು ಕೆಕ್ಕರಿಸಿದಳು. "ಆಯ್ತು, ಮುಂದಿನ ಭಾನುವಾರ ಮೈದಾನಕ್ಕೆ ಹೋಗೋಣ" ಎಂದು ಅಡುಗೆಮನೆಯ ಬಾಗಿಲಿಗೆ ಹೇಳಿದೆ.

ಆದರೆ ಶಿಷ್ಯೆ ಗೆದ್ದ ಕಡೆ ಗುರು ಸೋತರೆ ಮರ್ಯಾದೆ ಉಳಿಯುತ್ತದೆಯೇ? ಅವಳು ಪೇಟೆಗೆ ಹೋದಾಗಲೆಲ್ಲ ಗುಟ್ಟಾಗಿ ಆ ಆಟದ ಅಭ್ಯಾಸ ಶುರುಮಾಡಿದೆ. ಮೊದಲು ಒಂದು ಕೆಂಪು ದೀಪ ದಾಟಿದೆ, ಯಾರಾದರೂ ನೋಡಿದರೇ ಎಂದು ಹಿಂದಿರುಗಿ ನೋಡಿದೆ. ಆಮೇಲೆ ಹಿಂದಿರುಗಿ ನೋಡುವುದನ್ನೂ ಬಿಟ್ಟೆ. ವೃತ್ತಗಳನ್ನು ಸುತ್ತುವುದು ದಡ್ಡತನ, ಹೂದೋಟದ ನಡುವೆ ಹಾಯ್ದರೆ ದಾರಿ ಉಳಿಯುತ್ತದೆ ಎಂಬ ಜ್ಞಾನೋದಯವೂ ಆಯಿತು. ಕಳ್ಳರು ಸಿಕ್ಕಿಬಿದ್ದ ದಿನ ನಾನೂ ಸೋಫಾದ ಮೇಲೆ ಹತ್ತಿದೆ.

ಭಾನುವಾರ ಬಂತು. ಹೆಂಡತಿ ಹೊಸ ಚಪ್ಪಲಿ ಮೆಟ್ಟಿ ನನ್ನ ಪಕ್ಕದ ಸೀಟಿನಲ್ಲಿ, ಅಂದರೆ ಮೇಷ್ಟ್ರ ಸೀಟಿನಲ್ಲಿ ಕುಳಿತಳು. ಮೈದಾನದವರೆಗೆ ನಾನೇ ಓಡಿಸುವುದೆಂದಾಗಿತ್ತು. ದಾರಿಯುದ್ದಕ್ಕೂ ಶಿಸ್ತಿನ ಮಹತ್ವ ಕುರಿತು ಉಪನ್ಯಾಸ ಕೊಡುತ್ತ ದೊಡ್ಡ ವೃತ್ತಕ್ಕೆ ಬಂದೆ. ಮೈದಾನ ಎದುರಿಗೇ ಕಾಣುತ್ತಿತ್ತು, ನಡುವೆ ಹೂದೋಟ. ನನ್ನ ಕೈಗೆ ಏನಾಯಿತೋ ಕಾಣೆ. ಕಾರು ನೇರವಾಗಿ ಕಲ್ಲಿನ ಅಂಚು ಹತ್ತಿತು.

"ರೀ!" ಎಂದು ಕಿರುಚಿದವಳೇ ಹೆಂಡತಿ ತನ್ನ ಕಾಲಡಿಯ ಬ್ರೇಕನ್ನು ಮೆಟ್ಟಿದಳು. ಮುಂದಿನ ಚಕ್ರ ಸೇವಂತಿಗೆ ಗಿಡಗಳ ಮೇಲೆ ನಿಂತಿತು. ಮರುಕ್ಷಣ ಎದ್ದು ನಿಲ್ಲುತ್ತವೆಯೋ ಎಂದು ಬಗ್ಗಿ ನೋಡಿದೆ. ಏಳಲಿಲ್ಲ.

ಪೊಲೀಸಪ್ಪ ಬಂದ. ಹೊಸಬ, ನನ್ನ ಗುರುತಿಲ್ಲ. ಕಾರಿನ ಮೇಲಿನ ಕಲಿಕೆಯ 'ಎಲ್' ಬೋರ್ಡು ನೋಡಿದ, ಬ್ರೇಕಿನ ಮೇಲೆ ಕಾಲಿಟ್ಟು ಕೂತಿದ್ದ ನನ್ನ ಹೆಂಡತಿಯನ್ನು ನೋಡಿದ, ಬೆವರುತ್ತಿದ್ದ ನನ್ನನ್ನು ನೋಡಿದ.

"ಇವರು ಹೊಸಬರಾ ಮೇಡಂ?"

ಬಾಯಿ ತೆರೆದರೆ ಸ್ಕೂಲಿನ ಲೈಸೆನ್ಸಿಗೇ ಕುತ್ತು. ದೀನನಾಗಿ ಹೆಂಡತಿಯ ಮುಖ ನೋಡಿದೆ. ಅವಳು ಸಾವಕಾಶವಾಗಿ ಬೆನ್ನು ನೆಟ್ಟಗೆ ಮಾಡಿಕೊಂಡು ಪೊಲೀಸಪ್ಪನತ್ತ ತಿರುಗಿದಳು.

"ಹೌದು ಸಾರ್. ಎಷ್ಟು ಹೇಳಿದ್ರೂ ತಲೆಗೇ ಹೋಗಲ್ಲ."

"ವಯಸ್ಸಾದ್ಮೇಲೆ ಕಷ್ಟ ಮೇಡಂ. ನೀವಾಗಿದ್ದಕ್ಕೆ ಉಳೀತು. ಏನ್ರೀ, ಮೇಡಂ ಹೇಳಿದ ಹಾಗೆ ಕೇಳಬೇಕು, ಗೊತ್ತಾಯ್ತಾ?"

"ಆಯ್ತು ಸಾರ್" ಎಂದೆ. ಗಿಡಗಳ ಬೆಲೆ ಕಟ್ಟಿಸಿಕೊಂಡು ನಮ್ಮನ್ನು ಬಿಟ್ಟ.

ಮೈದಾನದಲ್ಲಿ ಸೀಟು ಬದಲಾಯಿಸಿದೆವು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಅವಳು ಕನ್ನಡಿ ಸರಿಮಾಡಿಕೊಂಡಳು, ಬೆಲ್ಟು ಹಾಕಿಕೊಂಡಳು, ಹೊರಡುವ ಮೊದಲು ಇಂಡಿಕೇಟರ್ ಹಾಕಿದಳು. ಹೋದ ಮರ್ಯಾದೆಯಲ್ಲಿ ಒಂದು ಚೂರಾದರೂ ವಾಪಸು ಬರಲಿ ಎಂದು ನಾನು ಗಂಟಲು ಸರಿಮಾಡಿಕೊಂಡೆ.

"ಇಲ್ಲಿ ಯಾರೂ ಇಲ್ಲ ಕಣೇ. ಯಾರಿಗೆ ತೋರಿಸೋಕೆ ಅದು?"

"ನಿಮಗೆ" ಎಂದು ಅವಳು ನಿಧಾನವಾಗಿ ಕ್ಲಚ್ ಬಿಟ್ಟಳು.